1970ರ ಹಾಲಿನ ಚೀಟಿ

ಆಷಾಢದ ಒಂದು ಶನಿವಾರ ಬೆಳಿಗ್ಗೆ ಅಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಳು. ಊರಿನ ಡೈರಿಯಲ್ಲಿ ಹಾಲು ಹಾಕಿದಾಗ ಕೊಡುವ ಚೀಟಿ. ಲೀಟರ್ ಸರಿಯಿತ್ತು, ಫ್ಯಾಟ್ ಸರಿಯಿತ್ತು, ರೇಟೂ ಸರಿಯಿತ್ತು. ದಿನಾಂಕದ ಜಾಗದಲ್ಲಿ ಮಾತ್ರ 01-01-1970 ಅಂತಿತ್ತು. ಕೆಳಗೊಂದು ವಾಯ್ಸ್ ಮೆಸೇಜು. "ಏನ್ಲಾ ಮಗ ಇದು, 1970ನೇ ಇಸ್ವಿ ಅಂತ ಬಂದೈತೆ? ಆವಾಗ ನಾನೇ ಹುಟ್ಟಿರ್ಲಿಲ್ಲ, ಹಸ ಎಲ್ಲಿಂದ ಬರ್ಬೇಕು?"

ನಾನು ನಕ್ಕೆ. ಆಮೇಲೆ ನಗು ನಿಂತಿತು. ಯಾಕಂದ್ರೆ ಆ ಚೀಟಿ ಮುದ್ರಿಸುವ ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಂ ತಯಾರಿಸುವ ನಾಲ್ಕು ಜನರಲ್ಲಿ ನಾನೂ ಒಬ್ಬ. ಹಿಂದಿನ ರಾತ್ರಿಯಷ್ಟೇ ಹೊಸ ಅಪ್‌ಡೇಟ್ ಕಳಿಸಿ, ಎಲ್ಲ ಹಸಿರಾಗಿದೆ ಅಂತ ನೋಡಿಕೊಂಡು, ಬಿರಿಯಾನಿ ತಿಂದು ಮಲಗಿದ್ದೆ.

ಹಳ್ಳಿ ಕಡೆಯವರಿಗೆ ಈ ಪೆಟ್ಟಿಗೆ ಗೊತ್ತಿರುತ್ತೆ. ಹಾಲನ್ನು ತೂಕದ ಮೆಷಿನ್ನಿನ ಮೇಲಿಡ್ತಾರೆ, ಒಂದಿಷ್ಟು ಸ್ಯಾಂಪಲ್ ತೆಗೆದು ಫ್ಯಾಟ್, ಎಸ್‌ಎನ್‌ಎಫ್ ಅಳೀತಾರೆ. ಎರಡೂ ಲೆಕ್ಕ ಪೆಟ್ಟಿಗೆಗೆ ಬರುತ್ತೆ. ಅದು ರೇಟು ಹಾಕಿ, ಚೀಟಿ ಕೊಟ್ಟು, ಸದಸ್ಯರ ಖಾತೆಗೆ ಬರೆದುಕೊಳ್ಳುತ್ತೆ. ಬಟವಾಡೆ ದಿನ ದುಡ್ಡು ಬರೋದು ಆ ಲೆಕ್ಕದ ಮೇಲೆಯೇ. ಒಳಗಿರೋದು ಅಂಗೈಯಗಲದ ಒಂದು ಬೋರ್ಡು, ಅದರಲ್ಲಿ ಲಿನಕ್ಸ್. ಕರ್ನಲ್, ಡ್ರೈವರ್‌ಗಳು, ಲೆಕ್ಕದ ಪ್ರೋಗ್ರಾಂ, ಪ್ರಿಂಟರಿಗೆ ಬೇಕಾದ ಕನ್ನಡ ಅಕ್ಷರ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಫೈಲ್ ಮಾಡ್ತೀವಿ. ಅದಕ್ಕೆ ಇಮೇಜ್ ಅಂತಾರೆ. ಅದನ್ನು ಕಾರ್ಡಿಗೆ ಅಚ್ಚೊತ್ತಿದರೆ ಪೆಟ್ಟಿಗೆಗೆ ಜೀವ ಬಂದ ಹಾಗೆ.

ಈ ಇಮೇಜನ್ನು ನಾವು ಕೈಯಿಂದ ಕಟ್ಟೋದಿಲ್ಲ. ನಮ್ಮಲ್ಲಿ ಯಾರಾದರೂ ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿದರೆ ಸಾಕು, ಆಫೀಸಿನ ಸರ್ವರ್ ತಾನಾಗಿ ಎದ್ದು ಇಮೇಜ್ ಕಟ್ಟುತ್ತೆ, ಅದನ್ನು ಆನ್ ಮಾಡಿ ನೋಡುತ್ತೆ, ಸರಿಯಿದ್ದರೆ ಹಸಿರು ಟಿಕ್ಕು, ಇಲ್ಲದಿದ್ದರೆ ಕೆಂಪು ಗುರುತು ಹಾಕುತ್ತೆ. ಈ ಸಾಲುಗಟ್ಟಿದ ಕೆಲಸಕ್ಕೆ ಪೈಪ್‌ಲೈನ್ ಅಂತ ಹೆಸರು. ಯಾವುದಾದ ಮೇಲೆ ಯಾವುದು ಅಂತ ಹೇಳುವ ಸೆಟ್ಟಿಂಗ್ ಫೈಲ್ ಬರೆದವನು ನಾನೇ. ಯಾಮಲ್ ಅನ್ನೋ ಭಾಷೆಯಲ್ಲಿ ಬರೀಬೇಕು. ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಮುನಿಸಿಕೊಳ್ಳುವ ಭಾಷೆ. ಕಟ್ಟೋದಕ್ಕೆ ಯೋಕ್ಟೋ ಬಳಸ್ತೀವಿ. ಪೂರ್ತಿ ಮೊದಲಿಂದ ಕಟ್ಟಿದರೆ ನಮ್ಮ ಸರ್ವರಿಗೆ ಮೂರು ಗಂಟೆ ಬೇಕು. ಹಿಂದೆ ಕಟ್ಟಿದ ತುಣುಕುಗಳನ್ನು ಎತ್ತಿಟ್ಟುಕೊಂಡು ಮತ್ತೆ ಬಳಸೋದರಿಂದ ಸಾಮಾನ್ಯವಾಗಿ ಒಂದು ಕಾಫಿ ಬ್ರೇಕಿನಲ್ಲಿ ಮುಗಿಯುತ್ತೆ.

ಪ್ರತಿ ಸಲವೂ ನಿಜವಾದ ಬೋರ್ಡ್ ಮೇಲೆ ಪರೀಕ್ಷೆ ಮಾಡೋದು ತಾಪತ್ರಯ. ಅದಕ್ಕೆ ಕ್ಯೂಎಮು ಅನ್ನೋ ಪ್ರೋಗ್ರಾಂ ಇದೆ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದದ್ದು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನ ವೇಷ ಹಾಕುತ್ತೆ. ನಮ್ಮ ಇಮೇಜ್ ಆ ವೇಷದ ಯಂತ್ರದಲ್ಲಿ ಎದ್ದು ಕೂತು, ಲಾಗಿನ್ ಅಂತ ಕೇಳಿ, ಒಂದು ಸುಳ್ಳು ಹಾಲಿನ ಲೆಕ್ಕ ಹಾಕಿ ಚೀಟಿ ಕೊಟ್ಟರೆ ಪಾಸ್. ಎರಡು ವರ್ಷ ಹೀಗೇ ನಡೆದಿತ್ತು. ಮೀಟಿಂಗ್‌ಗಳಲ್ಲಿ ಹಸಿರು ಟಿಕ್ಕುಗಳ ಸಾಲನ್ನು ತೋರಿಸಿ ನಾನೂ ಸ್ವಲ್ಪ ಮೆರೆದಿದ್ದೆ.

ಆ ಶನಿವಾರ ಅಮ್ಮನಿಗೆ, "ಒಳಗಿನ ಸೆಲ್ ಹೋಗಿರ್ಬೇಕು ಕಣಮ್ಮ, ಸೆಕ್ರೆಟರಿಗೆ ಹೇಳು" ಅಂತ ಹೇಳಿ ಮತ್ತೆ ಹೊದ್ದು ಮಲಗಿದೆ. ಆವತ್ತಿನ ದೊಡ್ಡ ತಪ್ಪು ಅದೇ. ಸಂಜೆ ಇನ್ನೊಂದು ಫೋಟೋ ಬಂತು. ಅದೇ 01-01-1970. ಟೈಮ್ ಬೆಳಿಗ್ಗೆ 05:38.

ಹಾಲು ಹಾಕಿದ್ದು ಸಂಜೆ. ಚೀಟಿ ಹೇಳೋದು ಬೆಳಿಗ್ಗೆ.

ಲಿನಕ್ಸ್ ಕಾಲವನ್ನು ಎಣಿಸೋದು 1970ರ ಜನವರಿ 1ರ ಮಧ್ಯರಾತ್ರಿಯಿಂದ, ಅದೂ ಗ್ರೀನಿಚ್ ಕಡೆಯ ಮಧ್ಯರಾತ್ರಿಯಿಂದ. ಟೈಮ್ ಎಷ್ಟು ಅಂತ ಗೊತ್ತೇ ಆಗದ ಯಂತ್ರ ಸೊನ್ನೆಯಿಂದ ಶುರುಮಾಡುತ್ತೆ. ನಾವು ಐದೂವರೆ ಗಂಟೆ ಮುಂದೆ ಇರೋದರಿಂದ ನಮ್ಮ ದೇಶದಲ್ಲಿ ಆ ಸೊನ್ನೆ ಬೆಳಗಿನ ಐದೂವರೆಗೆ ಬೀಳುತ್ತೆ. ಸರಿಯಾಗಿ ಹಾಲು ಹಾಕುವ ಹೊತ್ತು! ಅದಕ್ಕೇ ಬೆಳಿಗ್ಗೆ ಕ್ಯೂನಲ್ಲಿದ್ದ ಯಾರಿಗೂ ಟೈಮ್ ನೋಡಿ ಅನುಮಾನ ಬಂದಿಲ್ಲ. ಸೆಕ್ರೆಟರಿ ಬೆಳಗಿನ ಹಾಲು ಮುಗಿದ ಮೇಲೆ ಪೆಟ್ಟಿಗೆ ಆಫ್ ಮಾಡಿ, ಸಂಜೆ ಮತ್ತೆ ಆನ್ ಮಾಡ್ತಾರೆ. ಸಂಜೆಯೂ ಅದು ಸೊನ್ನೆಯಿಂದಲೇ ಎದ್ದಿತ್ತು. ಅದರ ಪಾಲಿಗೆ ಇನ್ನೂ ಅದೇ ದಿನ, ಅದೇ ಬೆಳಗು.

ದಿನಾಂಕ ತಪ್ಪಾಗಿದ್ದರೆ ತಿದ್ದಬಹುದಿತ್ತು. ಆದರೆ ಲೆಕ್ಕದ ಪ್ರೋಗ್ರಾಂನಲ್ಲಿ ಒಬ್ಬ ಸದಸ್ಯರಿಗೆ ಒಂದು ಹೊತ್ತಿಗೆ ಒಂದೇ ನಮೂದು. ಎರಡನೇ ಸಲ ಬಂದರೆ ಸೆಕ್ರೆಟರಿ ಮೊದಲಿನದನ್ನು ತಿದ್ದಿದ್ದಾರೆ ಅಂತ ತಿಳಿದುಕೊಂಡು, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತೆ. ಅಮ್ಮ ಬೆಳಿಗ್ಗೆ ಹಾಕಿದ ಆರೂವರೆ ಲೀಟರ್ ಹಾಲು ಸಂಜೆಯ ನಾಲ್ಕು ಲೀಟರ್ ಕೆಳಗೆ ಮಾಯವಾಗಿತ್ತು. ಅಮ್ಮನದು ಮಾತ್ರ ಅಲ್ಲ, ಆ ಡೈರಿಗೆ ಹಾಲು ಹಾಕುವ ಎಲ್ಲರದೂ.

ಬೋರ್ಡಿನ ಮೇಲೆ ಗಡಿಯಾರಕ್ಕಂತಲೇ ಒಂದು ಪುಟ್ಟ ಚಿಪ್ ಇರುತ್ತೆ. ಅದಕ್ಕೆ ನಾಣ್ಯದಂಥ ಒಂದು ಸೆಲ್. ಕರೆಂಟ್ ಹೋದರೂ ಅದು ಟೈಮ್ ಎಣಿಸ್ತಾನೇ ಇರುತ್ತೆ. ಆ ಅಪ್‌ಡೇಟ್‌ನಲ್ಲಿ ನಾವು ಕರ್ನಲ್ ಅನ್ನು ಹೊಸ ಆವೃತ್ತಿಗೆ ಬದಲಾಯಿಸಿದ್ದೆವು. ಬದಲಾಯಿಸುವಾಗ ನಮ್ಮ ಸೆಟ್ಟಿಂಗ್‌ಗಳ ಒಂದು ತುಣುಕು ಹಳೆಯ ಫೋಲ್ಡರಿನಲ್ಲೇ ಉಳಿದುಹೋಗಿತ್ತು. ಅದರಲ್ಲಿದ್ದದ್ದು ಗಡಿಯಾರದ ಚಿಪ್ಪಿನ ಡ್ರೈವರ್ ಆನ್ ಮಾಡುವ ಒಂದೇ ಒಂದು ಸಾಲು. ಚಿಪ್ ಪಾಪ ಸರಿಯಾದ ಟೈಮ್ ಹಿಡಿದುಕೊಂಡೇ ಕೂತಿತ್ತು. ಕೇಳುವವರು ಇರಲಿಲ್ಲ.

ಹಾಗಾದರೆ ಹಸಿರು ಟಿಕ್ಕು ಹೇಗೆ ಬಂತು? ಕ್ಯೂಎಮು ತನ್ನದೇ ಒಂದು ಗಡಿಯಾರ ಕೊಡುತ್ತೆ, ಅದು ಸರ್ವರಿನ ಟೈಮನ್ನೇ ತೋರಿಸುತ್ತೆ. ಅಲ್ಲಿ ದಿನಾಂಕ ತಪ್ಪೋಕೆ ಸಾಧ್ಯವೇ ಇಲ್ಲ. ಆಫೀಸಿನ ಮೇಜಿನ ಮೇಲೆ ನಿಜವಾದ ಪೆಟ್ಟಿಗೆಯೂ ಒಂದಿದೆ, ಆದರೆ ಅದಕ್ಕೆ ವೈಫೈ ಸಿಕ್ಕಿದ ತಕ್ಷಣ ಇಂಟರ್ನೆಟ್ಟಿನಿಂದ ಟೈಮ್ ತರಿಸಿಕೊಳ್ಳುತ್ತೆ. ಪೇಟೆ ಪಕ್ಕದ ಸಂಘಗಳಲ್ಲೂ ಸಿಮ್ ಸಿಗ್ನಲ್ ಚೆನ್ನಾಗಿದೆ, ಅಲ್ಲೂ ಎಲ್ಲ ಸರಿ. ಸಿಕ್ಕಿಬಿದ್ದದ್ದು ತೋಟದ ಸಾಲಿನ ಒಂಬತ್ತು ಹಳ್ಳಿಗಳು. ಅಲ್ಲಿ ಸಿಗ್ನಲ್ ಬೇಕಂದ್ರೆ ರಾತ್ರಿ ಹೊತ್ತು ಕಾಯಬೇಕು, ಇಲ್ಲ ನೀರಿನ ಟ್ಯಾಂಕ್ ಹತ್ತಬೇಕು. ಅಪ್‌ಡೇಟ್ ತಲುಪಿದ್ದೂ ರಾತ್ರಿಯೇ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು ಲ್ಯಾಕ್ಟೋಮೀಟರಿನ ಮಾತು ತೆಗೆದಳು. ಮೊದಲೆಲ್ಲ ಡೈರಿಯಲ್ಲಿ ಅದೊಂದೇ ಇದ್ದದ್ದು. ಹಾಲಿಗೆ ನೀರು ಬೆರೆಸಿದರೆ ಅದು ಹೆಚ್ಚು ಮುಳುಗಿ ಹಿಡಿದುಕೊಡುತ್ತಿತ್ತು. ನೀರಿನ ಜೊತೆಗೆ ಒಂದಿಷ್ಟು ಸಕ್ಕರೆಯನ್ನೂ ಹಾಕಿದವರು ಪಾಸ್. "ಅದು ಸುಳ್ಳು ಹೇಳ್ತಿರ್ಲಿಲ್ಲ ಕಣೋ, ಹಾಲು ಎಷ್ಟು ಮಂದ ಐತೆ ಅನ್ನೋದೊಂದೇ ಅದಕ್ ಗೊತ್ತಿದ್ದಿದ್ದು" ಅಂದಳು. ನನ್ನ ಪೈಪ್‌ಲೈನ್ ಕೂಡ ಸುಳ್ಳು ಹೇಳಿರಲಿಲ್ಲ. ಇಮೇಜ್ ಎದ್ದು ಕೂರುತ್ತಾ ಅಂತ ಕೇಳಿದ್ದೆ, ಹೌದು ಅಂದಿತ್ತು. ಸಿಗ್ನಲ್ ಇಲ್ಲದ ಊರಲ್ಲಿ, ಕರೆಂಟ್ ಹೋಗಿ ಬಂದ ಮೇಲೆ ಇವತ್ತು ಯಾವ ದಿನ ಅಂತ ನಿನಗೆ ಗೊತ್ತಿರುತ್ತಾ? ಹಾಗೆ ನಾನು ಕೇಳಿಯೇ ಇರಲಿಲ್ಲ.

ಪೆಟ್ಟಿಗೆಯಲ್ಲಿ ಯಾವಾಗಲೂ ಎರಡು ಸಿಸ್ಟಂ ಇರುತ್ತೆ, ಹೊಸದೊಂದು, ಹಿಂದಿನದೊಂದು. ಹೊಸದು ಏಳದಿದ್ದರೆ ತಾನಾಗಿ ಹಳೆಯದಕ್ಕೆ ವಾಪಸ್ ಹೋಗುತ್ತೆ. ಇಲ್ಲಿ ಹೊಸದು ಚೆನ್ನಾಗಿಯೇ ಎದ್ದಿತ್ತಲ್ಲ, ಹಾಗಾಗಿ ವಾಪಸ್ ಹೋಗಲಿಲ್ಲ. ಭಾನುವಾರ ನಾನು ಮತ್ತು ಒಬ್ಬ ಸಹೋದ್ಯೋಗಿ ಎರಡು ಬೈಕಿನಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ಒಂಬತ್ತೂ ಹಳ್ಳಿ ಸುತ್ತಿದೆವು. ಮಳೆ ಬೇರೆ. ಕೊನೆಗೆ ನಮ್ಮೂರು.

ಸೆಕ್ರೆಟರಿ ನನ್ನನ್ನು ಚಿಕ್ಕಂದಿನಿಂದ ನೋಡಿದವರು. "ಬಾರಪ್ಪ ಇಂಜಿನಿಯರ್ ಸಾಹೇಬ, ನಿನ್ ಮೆಷಿನ್ ನಮ್ಮನ್ನ ಐವತ್ ವರ್ಷ ಹಿಂದಕ್ ಕಳಿಸ್ಬಿಡ್ತು" ಅಂತ ಹೇಳಿ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಮೆಷಿನ್ ಬಂದ ಮೇಲೂ ಅವರು ಎರಡೂ ಹೊತ್ತು ಪೆನ್ನಿನಲ್ಲಿ ಬರೆಯೋದನ್ನು ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ, "ಇನ್ನು ಇದ್ಯಾಕಣ್ಣ ಸುಮ್ನೆ" ಅಂತ ಅವರಿಗೆ ಹೇಳಿದ್ದವನು ನಾನೇ. ಅದನ್ನು ಅವರು ಮರೆತಿರಲಿಲ್ಲ, ಆದರೆ ಬಾಯಿಬಿಟ್ಟು ಹೇಳಲೂ ಇಲ್ಲ. ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಬೆಳಗಿನದು, ಸಂಜೆಯದು, ಮತ್ತೆ ಬೆಳಗಿನದು. ಉಳಿದ ಹಳ್ಳಿಗಳಲ್ಲಿ ಮೂರು ಕಡೆ ಇಂಥ ಪುಸ್ತಕ ಇರಲಿಲ್ಲ. ಅಲ್ಲಿ ಮನೆಮನೆಯಿಂದ ಚೀಟಿ ತರಿಸಿ ಕೂಡಿಸಬೇಕಾಯ್ತು. ಒಬ್ಬ ಅಜ್ಜಿ ಚೀಟಿ ಒಲೆಗೆ ಹಾಕಿದ್ದರು. ಅವರು ಹೇಳಿದ ಲೀಟರನ್ನೇ ಬರೆದುಕೊಂಡೆವು.

ಸೋಮವಾರದಿಂದ ಪೈಪ್‌ಲೈನ್ ರಿಪೇರಿ ಶುರು. ಹಳೆಯ ಪುಸ್ತಕದ ಶೆಲ್ಫ್ ಒಂದಕ್ಕೆ ಮೂರು ನಿಜವಾದ ಬೋರ್ಡ್ ಜೋಡಿಸಿದೆ. ಒಂದೊಂದಕ್ಕೂ ಸರ್ವರ್ ಹೇಳಿದಾಗ ಕರೆಂಟ್ ತೆಗೆಯುವ ಒಂದು ರಿಲೇ, ಬೋರ್ಡ್ ಏನು ಹೇಳುತ್ತೆ ಅಂತ ಕೇಳಿಸಿಕೊಳ್ಳಲು ಮೂರು ತಂತಿಯ ಸೀರಿಯಲ್ ಕೇಬಲ್, ಮೆಮೊರಿ ಕಾರ್ಡನ್ನು ಒಮ್ಮೆ ಸರ್ವರಿಗೆ ಒಮ್ಮೆ ಬೋರ್ಡಿಗೆ ತಿರುಗಿಸುವ ಒಂದು ಸಣ್ಣ ಸಾಧನ. ಜಗತ್ತಿನಲ್ಲಿ ಬಹಳ ಜನ ಇದನ್ನು ಮೊದಲೇ ಮಾಡಿದ್ದಾರೆ, ಲ್ಯಾಬ್‌ಗ್ರಿಡ್, ಲಾವಾ ಅಂತೆಲ್ಲ ಉಚಿತ ತಂತ್ರಾಂಶಗಳೇ ಇವೆ. ನಾವು ಖರ್ಚು ಅಂತ ಮುಂದೂಡಿದ್ದೆವು ಅಷ್ಟೇ. ಈಗ ಪ್ರತಿ ಇಮೇಜೂ ಆ ಶೆಲ್ಫಿನ ಮೇಲೆ ಹಳ್ಳಿಯ ಬಾಳು ಬಾಳಬೇಕು. ನೆಟ್‌ವರ್ಕ್ ಇಲ್ಲ. ಕರೆಂಟ್ ಹಠಾತ್ತನೆ ಹೋಗುತ್ತೆ, ಎರಡು ನಿಮಿಷ ಬಿಟ್ಟು ಬರುತ್ತೆ. ಎದ್ದ ಮೇಲೆ ಟೈಮ್ ಎಷ್ಟು ಅಂತ ಕೇಳ್ತೀವಿ, ಐದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಂಪು.

ಈ ಪರೀಕ್ಷೆಯನ್ನೇ ಪರೀಕ್ಷಿಸೋಣ ಅಂತ ಆ ಹಾಳು ಇಮೇಜನ್ನೇ ಬೇಕಂತಲೇ ಒಳಗೆ ಬಿಟ್ಟೆ. ಬೋರ್ಡ್ ಎದ್ದಿತು, 1970 ಅಂದಿತು, ಪರೀಕ್ಷೆ ಫೇಲ್ ಅಂತ ಬರೆಯಿತು. ಪೈಪ್‌ಲೈನ್ ಹಸಿರು ಟಿಕ್ಕು ಹಾಕಿತು!

ಅರ್ಧ ದಿನ ತಲೆ ಕೆರೆದುಕೊಂಡೆ. ಪರೀಕ್ಷೆಯ ಮಾತುಗಳನ್ನೆಲ್ಲ ಒಂದು ಫೈಲಿಗೂ ಬರೆದಿಡಲಿ ಅಂತ ನಾನೇ ಎಂದೋ ಅದರ ಬೆನ್ನಿಗೆ 'ಟೀ' ಅನ್ನೋ ಸಣ್ಣ ಪ್ರೋಗ್ರಾಂ ಕಟ್ಟಿದ್ದೆ. ಹಾಗೆ ಒಂದಕ್ಕೊಂದು ಕಟ್ಟಿದಾಗ ಶೆಲ್ ಕೊನೆಯವನ ಫಲಿತಾಂಶ ಮಾತ್ರ ನೋಡುತ್ತೆ. ಹುಡುಗ ಫೇಲಾಗಿದ್ದಾನೆ; ಅವನ ಅಂಕಪಟ್ಟಿ ಬರೆದ ಗುಮಾಸ್ತ "ನನ್ನ ಕೆಲಸ ಸರಿಯಾಗಿ ಮುಗೀತು" ಅಂದ; ಶಾಲೆ ಅದನ್ನೇ ಕೇಳಿಕೊಂಡು ಹುಡುಗನನ್ನು ಪಾಸ್ ಮಾಡಿತು. ಅಂಥ ಕಥೆ. 'ಪೈಪ್‌ಫೇಲ್' ಅನ್ನೋ ಒಂದು ಸೆಟ್ಟಿಂಗ್ ಹಾಕಿದರೆ ಮಧ್ಯದಲ್ಲಿ ಯಾರು ಬಿದ್ದರೂ ಬಿದ್ದ ಹಾಗೆಯೇ. ಒಂದು ಸಾಲು. ಈ ಕಾರಣಕ್ಕೆ ಎರಡು ವರ್ಷದಲ್ಲಿ ಎಷ್ಟು ಸುಳ್ಳು ಹಸಿರು ಬಂದಿತ್ತು ಅಂತ ಹಳೆಯ ಫೈಲ್‌ಗಳನ್ನು ಹುಡುಕಿದೆ. ಹನ್ನೊಂದು. ಯಾವುದೂ ಹಳ್ಳಿಗೆ ಹೋಗಿರಲಿಲ್ಲ, ಅದೃಷ್ಟ. ಮ್ಯಾನೇಜರಿಗೆ ಹೇಳುವಾಗ ಗಂಟಲು ಒಣಗಿತ್ತು.

2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟಿನಿಂದ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪೆನ್ನಿನಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟಿದ್ದರು. ಆಮೇಲೆ ಅವರೇ ಪ್ರಕಟಿಸಿದ ವರದಿಯಲ್ಲಿ ಕಾರಣ ಇತ್ತು. ಒಂದು ಕಡೆ 21 ವಿವರ ಬೇಕು ಅಂತಿತ್ತು, ಇನ್ನೊಂದು ಕಡೆಯಿಂದ ಬರುತ್ತಿದ್ದದ್ದು 20. ಪರೀಕ್ಷೆಗಳಲ್ಲಿ ಆ 21ನೆಯದರ ಜಾಗಕ್ಕೆ 'ಏನಿದ್ದರೂ ಸರಿ' ಅಂತ ಬಿಟ್ಟಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಆಗ ಆ ಸುದ್ದಿ ಓದಿ ಕ್ಯಾಂಟೀನಿನಲ್ಲಿ ಕೂತು ನಾವು ಜೋಕ್ ಮಾಡಿದ್ದೆವು. ಈಗ ಆ ವರದಿಯನ್ನು ಇನ್ನೊಮ್ಮೆ ಪೂರ್ತಿ ಓದಿದೆ.

ಈಗ ಪ್ರತಿ ಸೋಮವಾರ ಪೈಪ್‌ಲೈನ್‌ಗೆ ಒಂದು ಹಾಳು ಇಮೇಜ್ ತಾನಾಗಿ ಹೋಗುತ್ತೆ. ಕೆಂಪು ಬರದಿದ್ದರೆ ನನ್ನ ಫೋನ್ ಕೂಗಿಕೊಳ್ಳುತ್ತೆ.

ಶೆಲ್ಫಿನ ಮೇಲೆ ಹಿಡಿಯಲಾಗದ್ದು ಒಂದಿದೆ. ನಾಣ್ಯದಂಥ ಆ ಸೆಲ್‌ಗೆ ಯಾವತ್ತೋ ಒಂದು ದಿನ ಆಯಸ್ಸು ಮುಗಿಯುತ್ತೆ, ಆಗ ಡ್ರೈವರ್ ಇದ್ದರೂ ಮತ್ತೆ 1970. ಅದಕ್ಕೆ ಪೆಟ್ಟಿಗೆಗೇ ಒಂದು ಬುದ್ಧಿ ಹೇಳಿದ್ದೀವಿ. ತನ್ನನ್ನು ಕಟ್ಟಿದ ದಿನಕ್ಕಿಂತ ಹಿಂದಿನ ದಿನಾಂಕ ಕಂಡರೆ ಅದು ಹಾಲು ತೂಗೋದಿಲ್ಲ, ಚೀಟಿಯನ್ನೂ ಕೊಡೋದಿಲ್ಲ, ಮೊದಲು ಸೆಕ್ರೆಟರಿಯನ್ನು ದಿನಾಂಕ ಕೇಳುತ್ತೆ. ಹಳೆಯ ನಮೂದನ್ನು ಅಳಿಸುವ ಮೊದಲು ಹೌದಾ ಅಂತಲೂ ಕೇಳುತ್ತೆ.

ಹೋದ ವಾರ ಊರಿಗೆ ಹೋದಾಗ ಸಂಜೆ ಡೈರಿ ಕಡೆ ನಡೆದೆ. ಕ್ಯಾನ್ ಹಿಡಿದವರ ಸಾಲು ಬಾಗಿಲ ಆಚೆಗೂ ಇತ್ತು. ಸೆಕ್ರೆಟರಿ ಪೆಟ್ಟಿಗೆ ಆನ್ ಮಾಡಿ, ಕನ್ನಡಕ ಹಣೆಗೇರಿಸಿ ಮೊದಲು ದಿನಾಂಕ ನೋಡಿದರು, ಆಮೇಲೆ ನೋಟ್‌ಬುಕ್ ಬಿಚ್ಚಿದರು. ನನ್ನನ್ನು ಕಂಡು, "ಮೊದ್ಲು ತಪ್ಪು ತಿದ್ದೋಕೆ ಒಂದ್ ಬಟನ್ ಒತ್ತಿದ್ರೆ ಸಾಕಿತ್ತು, ಈಗ ಎರಡು ಒತ್ಬೇಕಲ್ಲಪ್ಪ" ಅಂತ ಗೊಣಗಿದರು. ಹಿಂದೆ ನಿಂತಿದ್ದ ಅಮ್ಮ, "ಒತ್ತಿ ಬಿಡಿ, ನಮ್ಮ ಹಾಲು ತಾನೆ" ಅಂದಳು.