ಒಣಗಿಸಿದ ಡೈಪರ್‌ನಲ್ಲಿ ಉಳಿತಾಯ ಇಲ್ಲ

ಟೆರೇಸಿನ ತಂತಿಯ ಮೇಲೆ ಪಂಚೆ, ಟವೆಲುಗಳ ಹಿಂದೆ, ಪಕ್ಕದ ಮನೆಯವರಿಗೆ ಕಾಣದ ಹಾಗೆ, ಕೆಲವು ಮನೆಗಳಲ್ಲಿ ಇನ್ನೊಂದು ವಸ್ತುವೂ ಒಣಗುತ್ತಿರುತ್ತದೆ. ಹಿಂದಿನ ರಾತ್ರಿ ಮನೆಯ ಹಿರಿಯರು ತೊಟ್ಟಿದ್ದ ಡೈಪರ್ ಅದು. ಒದ್ದೆಯಾದದ್ದು ಮೂತ್ರದಿಂದ ಮಾತ್ರ, ಮಲ ತಾಗಿಲ್ಲ, ಪಕ್ಕದ ಪಟ್ಟಿ ಇನ್ನೂ ಅಂಟುತ್ತಿದೆ. ಬಿಸಿಲಿಗೆ ಗರಿಗರಿಯಾದ ಮೇಲೆ ಸಂಜೆಗೆ ಅದನ್ನೇ ಮತ್ತೆ ತೊಡಿಸಿದರೆ ಏನಾಗುತ್ತದೆ ಎಂಬ ಲೆಕ್ಕ. ಇದನ್ನು ಯಾರೂ ನೆಂಟರ ಮುಂದೆ ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಹೀಗೆ ಮಾಡುವವರು ಕೊಳಕರೇನಲ್ಲ. ಹೆಚ್ಚಿನವರು ಹಾಲಿನ ಕವರನ್ನೂ ತೊಳೆದು ಮಡಚಿಡುವ ಶಿಸ್ತಿನಲ್ಲಿ ಬೆಳೆದವರು.

ಅವರನ್ನು ನಾಚಿಸಲು ಈ ಕರಪತ್ರ ಅಚ್ಚಾಗಿಲ್ಲ. ಒಮ್ಮೆ ಬಳಸಿ ಎಸೆಯಲೆಂದೇ ಮಾಡಿದ ಡೈಪರನ್ನು ಒಣಗಿಸಿ ಮತ್ತೆ ತೊಡಿಸಬಾರದು. ದುಡ್ಡು ಉಳಿಸುವ ದಾರಿಗಳು ಬೇರೆ ಇವೆ. ಆ ದಾರಿಗಳನ್ನು ಬಡ ಮನೆಗಳಿಗೆ ತೆರೆಯುವ ಹೊಣೆ ಸರ್ಕಾರದ್ದು. ಇಷ್ಟು ಹೇಳುವುದೇ ಇದರ ಉದ್ದೇಶ.

ಮೊದಲು ದುಡ್ಡಿನ ಮಾತು. ದೊಡ್ಡವರ ಡೈಪರ್ ಒಂದಕ್ಕೆ ಕಂಪನಿ ಮತ್ತು ಅಳತೆಗೆ ತಕ್ಕಂತೆ ಸುಮಾರು 30ರಿಂದ 60 ರೂಪಾಯಿ. ನಲವತ್ತು ಎಂದು ಹಿಡಿದು ದಿನಕ್ಕೆ ನಾಲ್ಕು ಬದಲಿಸಿದರೆ 160 ರೂಪಾಯಿ, ತಿಂಗಳಿಗೆ 4,800. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅಂದರೆ ಎಂಟನೇ ದಿನ ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಖರ್ಚು. ನರೇಗಾದಲ್ಲಿ ಕರ್ನಾಟಕದ ದಿನಗೂಲಿ 2025–26ರಲ್ಲಿ 370 ರೂಪಾಯಿ ಇತ್ತು. ಅದರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪಾಲು ಡೈಪರಿಗೇ ಹೋಗುತ್ತದೆ, ಅದೂ ಹಾಸಿಗೆ ಹಿಡಿದ ಅತ್ತೆಯನ್ನೋ ಅಪ್ಪನನ್ನೋ ಬಿಟ್ಟು ಕೂಲಿಗೆ ಹೋಗಲು ಸಾಧ್ಯವಾದ ದಿನ. ಈ ಅಂಕಿಗಳ ಎದುರು ‘ಸ್ವಚ್ಛತೆ ಮುಖ್ಯ’ ಎಂದು ಉಪದೇಶ ಮಾಡುವುದು ಸುಲಭ. ಆದರೆ ಆ ಉಪದೇಶಕ್ಕೆ ಅಂಗಡಿಯವನು ಡೈಪರ್ ಕೊಡುವುದಿಲ್ಲ.

ಹಾಗಿದ್ದರೂ ಒಣಗಿಸುವ ಲೆಕ್ಕ ಏಕೆ ತಪ್ಪು ಎನ್ನುವುದು ಡೈಪರಿನ ಹೊಟ್ಟೆಯೊಳಗೆ ನೋಡಿದರೆ ತಿಳಿಯುತ್ತದೆ. ಮೈಗೆ ತಾಗುವುದು ತೆಳುವಾದ ಪ್ಲಾಸ್ಟಿಕ್ ನೂಲಿನ ಪದರ. ಹೊರಗಿನದು ನೀರು ಸೋರದ ಹಾಳೆ. ನಡುವೆ ಮರದ ತಿರುಳಿನ ಹತ್ತಿಯಂಥ ನಾರು, ಅದರೊಳಗೆ ಬಿಳಿ ಹರಳುಗಳು. ಈ ಹರಳು ಸೋಡಿಯಂ ಪಾಲಿಅಕ್ರಿಲೇಟ್. ನೀರು ಕುಡಿಯುವ ಇಂಥ ಪದಾರ್ಥಗಳ ಮೇಲಿನ ಸಂಶೋಧನೆ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ನಡೆಯಿತು. ಉದ್ದೇಶ ಹೊಲದ ಮಣ್ಣಿನಲ್ಲಿ ತೇವ ಹಿಡಿದಿಡುವುದು. ಡೈಪರಿಗೆ ಅದು ಬಂದದ್ದು 1980ರ ದಶಕದಲ್ಲಿ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರಿ ನೆನೆದ ಸಬ್ಬಕ್ಕಿಯ ಹಾಗೆ ಉಬ್ಬುವ ಈ ಹರಳು, ಮೂತ್ರವನ್ನಾದರೆ ಮೂವತ್ತು–ಐವತ್ತು ಪಟ್ಟು ಮಾತ್ರ ಹೀರುತ್ತದೆ. ಕಾರಣ ಮೂತ್ರದಲ್ಲಿರುವ ಉಪ್ಪು.

ಬಿಸಿಲು ತೆಗೆಯುವುದು ನೀರನ್ನು ಮಾತ್ರ. ಉಪ್ಪು, ಯೂರಿಯಾ, ಬ್ಯಾಕ್ಟೀರಿಯಾ ಎಲ್ಲವೂ ಒಳಗೇ ಉಳಿಯುತ್ತವೆ. ಎರಡನೇ ಸಲ ತೊಡಿಸಿದಾಗ ಹೊಸ ಉಪ್ಪು ಹಳೆಯದರ ಜತೆ ಸೇರುತ್ತದೆ, ಹರಳಿನ ಹೀರುವ ಶಕ್ತಿ ಇನ್ನೂ ಕುಸಿಯುತ್ತದೆ. ನಾರು ಗಂಟುಗಟ್ಟಿರುತ್ತದೆ, ತೊಡೆಯ ಸಂದಿನ ಇಲಾಸ್ಟಿಕ್ ಸಡಿಲವಾಗಿರುತ್ತದೆ. ಪರಿಣಾಮ: ಮೂತ್ರ ಒಳಗಿಳಿಯದೆ ಮೈಮೇಲೆ ನಿಲ್ಲುತ್ತದೆ, ಇಲ್ಲವೇ ಪಕ್ಕದಿಂದ ಸೋರಿ ಬೆಡ್‌ಶೀಟು, ಹಾಸಿಗೆ ಎರಡನ್ನೂ ಹಾಳು ಮಾಡುತ್ತದೆ. ನಲವತ್ತು ರೂಪಾಯಿ ಉಳಿಸಿದ ಮನೆ ಅವತ್ತೇ ಎರಡು ಬಕೆಟ್ ಬಟ್ಟೆ ಹೆಚ್ಚಿಗೆ ಒಗೆಯುತ್ತದೆ. ಬಿಸಿಲು ಕ್ರಿಮಿ ಕೊಲ್ಲುತ್ತದಲ್ಲ ಎಂಬ ಮಾತು ತೆಳು ಬಟ್ಟೆಯ ಮಟ್ಟಿಗೆ ನಿಜ. ಎರಡು ಬೆರಳು ದಪ್ಪದ ನಾರಿನ ನಡುವಿಗೆ ಆ ಕಿರಣ ಇಳಿಯುವುದಿಲ್ಲ. ತೊಳೆದು ಒಣಗಿಸೋಣ ಎಂದರೆ ಇನ್ನೂ ಫಜೀತಿ. ಒಳಪದರ ಒಡೆದು ಲೋಳೆಯೆಲ್ಲ ವಾಷಿಂಗ್ ಮೆಷಿನ್ನಿನ ತೂತುಗಳಿಗೆ ಮೆತ್ತಿಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯ ಕಾವಿಗೆ ಪ್ಲಾಸ್ಟಿಕ್ ಕರಗುತ್ತದೆ.

ಇನ್ನು ಚರ್ಮ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5ರಿಂದ 5.5. ಡೈಪರಿನಲ್ಲಿ ಉಳಿದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವ ಆ ಘಾಟು ಅದರದೇ. ಅಮೋನಿಯಾ ಕ್ಷಾರ. ಪಿಎಚ್ ಏರಿದಂತೆ ಚರ್ಮದ ಕಾವಲು ಸಡಿಲವಾಗುತ್ತದೆ, ಸ್ವಲ್ಪ ಮಲ ಸೇರಿದರೂ ಅದರಲ್ಲಿನ ಜೀರ್ಣರಸದ ಕಿಣ್ವಗಳು ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಮೊದಲು ಕೆಂಪಾಗುತ್ತದೆ, ಆಮೇಲೆ ಉರಿ, ಸಿಪ್ಪೆ ಏಳುವುದು, ತೊಡೆಸಂದಿಯಲ್ಲಿ ಕ್ಯಾಂಡಿಡಾ ಎಂಬ ಬೂಸ್ಟು. ಮಗ್ಗುಲು ಬದಲಿಸಲಾಗದವರಿಗೆ ನೆನೆದ ಚರ್ಮದ ಮೇಲೆ ಮೈಭಾರವೂ ಬಿದ್ದು ಬೆನ್ನಿನ ಬುಡದಲ್ಲಿ, ಸೊಂಟದ ಎಲುಬಿನ ಮೇಲೆ ಬೆಡ್ ಸೋರ್ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಅದು ಮಾಯಲು ತಿಂಗಳುಗಳೇ ಬೇಕಾಗಬಹುದು. ಆ ತಿಂಗಳುಗಳ ಡ್ರೆಸ್ಸಿಂಗ್, ಆಂಟಿಬಯಾಟಿಕ್, ಆಟೋ ಬಾಡಿಗೆಗಳನ್ನು ಡೈಪರ್ ಉಳಿಸಿದ ಲೆಕ್ಕದಲ್ಲಿ ಯಾರೂ ಬರೆದಿಡುವುದಿಲ್ಲ. ‘ಮೂತ್ರದಲ್ಲಿ ಕ್ರಿಮಿ ಇರುವುದಿಲ್ಲ’ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಹಾಸಿಗೆ ಹಿಡಿದ ವೃದ್ಧರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಯಾವ ತೊಂದರೆಯೂ ಕಾಣದೆಯೇ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ.

ಹಾಗಾದರೆ ಬಳಸಿದ ಡೈಪರನ್ನು ಮತ್ತೆ ಉಪಯೋಗಕ್ಕೆ ತರಲು ಸಾಧ್ಯವೇ ಇಲ್ಲವೇ? ಇದೆ, ಆದರೆ ಅದಕ್ಕೆ ಕಾರ್ಖಾನೆ ಬೇಕು. ಜಪಾನಿನಲ್ಲಿ ಮುಪ್ಪು ಎಷ್ಟು ವೇಗವಾಗಿ ಬಂದಿದೆಯೆಂದರೆ, ಓಜಿ ಹೋಲ್ಡಿಂಗ್ಸ್ ಕಂಪನಿ ಆ ದೇಶದಲ್ಲಿ ಮಕ್ಕಳ ಡೈಪರ್ ತಯಾರಿಕೆಯನ್ನೇ ಕೈಬಿಟ್ಟು ದೊಡ್ಡವರ ಡೈಪರಿಗೆ ಒತ್ತು ಕೊಡುವುದಾಗಿ 2024ರಲ್ಲಿ ಪ್ರಕಟಿಸಿತು. ಅಲ್ಲಿನ ಕಾಗೋಶಿಮಾ ಪ್ರಾಂತ್ಯದ ಶಿಬುಶಿ ಮತ್ತು ಓಸಾಕಿ ಪಟ್ಟಣಗಳಲ್ಲಿ ಬಳಸಿದ ಡೈಪರುಗಳನ್ನು ಬೇರೆಯಾಗಿ ಸಂಗ್ರಹಿಸುತ್ತಾರೆ. ಯೂನಿಚಾರ್ಮ್ ಕಂಪನಿ ಅವನ್ನು ಚೂರು ಮಾಡಿ, ತೊಳೆದು, ನಾರು ಮತ್ತು ಪ್ಲಾಸ್ಟಿಕ್ಕನ್ನು ಬಿಡಿಸಿ, ನಾರನ್ನು ಓಝೋನ್‌ನಿಂದ ಕ್ರಿಮಿಶುದ್ಧ ಮಾಡಿ ಹೊಸ ಡೈಪರಿಗೆ ಬಳಸುತ್ತದೆ. ಓಝೋನ್ ಯಂತ್ರ ಮಾಡುವ ಈ ಕೆಲಸವನ್ನು ಮಧ್ಯಾಹ್ನದ ಬಿಸಿಲು ಮಾಡೀತು ಎಂದು ನಂಬುವುದು ಕಷ್ಟ.

ಒಂದು ವಿನಾಯಿತಿಯನ್ನು ಒಪ್ಪಲೇಬೇಕು. ಟಾಯ್ಲೆಟ್ಟಿಗೆ ಹೋಗಲೆಂದು ಬಿಚ್ಚಿದ ಡೈಪರ್ ಸ್ವಲ್ಪವೂ ಒದ್ದೆಯಾಗದೆ, ಕಲೆಯಿಲ್ಲದೆ ಇದ್ದರೆ ಅದೇ ವ್ಯಕ್ತಿಗೆ ಮತ್ತೆ ತೊಡಿಸಬಹುದು. ಅದು ಬಳಕೆಯೇ ಆಗದ ಡೈಪರ್. ಹೊರಗೆ ಬಣ್ಣ ಬದಲಿಸುವ ಗೆರೆ ಇರುವ ಬಗೆಯದಾದರೆ ಅದನ್ನು ನೋಡಿಯೇ ತೀರ್ಮಾನಿಸಬಹುದು.

ಒಣಗಿಸುವುದಕ್ಕಿಂತ ಹೆಚ್ಚು ಮನೆಗಳಲ್ಲಿ ನಡೆಯುವ ಉಳಿತಾಯ ಇನ್ನೊಂದಿದೆ: ಒಂದನ್ನೇ ರಾತ್ರಿಯಿಂದ ಮರುದಿನ ಸಂಜೆಯವರೆಗೆ ಎಳೆಯುವುದು. ಪ್ಯಾಕೆಟ್ಟಿನ ಮೇಲೆ ‘ಹನ್ನೆರಡು ಗಂಟೆವರೆಗೆ’ ಎಂದು ಅಚ್ಚಾಗಿರುತ್ತದೆ, ನಿಜ. ಅದು ಡೈಪರ್ ಎಷ್ಟು ಹೊತ್ತು ಸೋರದೆ ಇದ್ದೀತು ಎಂಬುದರ ಜಾಹೀರಾತು. ಚರ್ಮ ಎಷ್ಟು ಹೊತ್ತು ತಡೆದೀತು ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಲವಾದರೆ ಗಡಿಯಾರ ನೋಡುವಂತೆಯೇ ಇಲ್ಲ, ಕೂಡಲೇ ಬದಲಿಸಬೇಕು. ಇನ್ನು ಕೆಲವರು ಸೋರುತ್ತದೆಂದು ಒಂದರ ಮೇಲೊಂದು ಎರಡು ಡೈಪರ್ ತೊಡಿಸುತ್ತಾರೆ. ಒಳಗಿನದರ ಹಿಂಬದಿ ನೀರು ಬಿಡದ ಹಾಳೆಯಾದ್ದರಿಂದ ಹೊರಗಿನದಕ್ಕೆ ಹೆಚ್ಚೇನೂ ತಲುಪುವುದಿಲ್ಲ. ದುಡ್ಡು ಎರಡರದು, ಕೆಲಸ ಒಂದರದು.

ನಿಜವಾದ ಉಳಿತಾಯ ಶುರುವಾಗುವುದು ಡೈಪರೇ ಬೇಡವಾಗುವ ಗಂಟೆಗಳನ್ನು ಹೆಚ್ಚಿಸುವುದರಿಂದ. ‘ವಯಸ್ಸಾಯಿತು, ಇನ್ನೇನು’ ಎಂದು ಬಿಟ್ಟುಬಿಡುವ ಎಷ್ಟೋ ಪ್ರಕರಣಗಳ ಹಿಂದೆ ಮದ್ದಿರುವ ಕಾರಣ ಇರುತ್ತದೆ: ಮೂತ್ರದ ಸೋಂಕು, ಹತೋಟಿ ತಪ್ಪಿದ ಸಕ್ಕರೆ, ದೊಡ್ಡದಾದ ಪ್ರಾಸ್ಟೇಟ್, ಜಾರಿದ ಗರ್ಭಕೋಶ, ಕೊನೆಗೆ ಬರಿಯ ಮಲಬದ್ಧತೆ. ಬಿಪಿಗೆ ಕೊಟ್ಟ ‘ನೀರು ಹೋಗುವ ಮಾತ್ರೆ’ಯನ್ನು ರಾತ್ರಿ ನುಂಗುತ್ತಿದ್ದರೆ, ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿಕೊಳ್ಳುವುದರಿಂದಲೇ ರಾತ್ರಿಯ ಡೈಪರ್ ತಪ್ಪಬಹುದು. ಓಡಾಡುವವರನ್ನು ಎರಡು–ಮೂರು ಗಂಟೆಗೊಮ್ಮೆ ಕರೆದು ಟಾಯ್ಲೆಟ್ಟಿಗೆ ಕೂರಿಸುವ ಅಭ್ಯಾಸ ಮರೆವಿನ ಕಾಯಿಲೆಯವರಲ್ಲೂ ಫಲ ಕೊಡುತ್ತದೆ. ಕೆಮ್ಮಿದಾಗ, ನಕ್ಕಾಗ ಸೋರುವ ಹೆಂಗಸರಿಗೆ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೇಳಿಕೊಟ್ಟ ಕಿಬ್ಬೊಟ್ಟೆ ತಳದ ಸ್ನಾಯುಗಳ ವ್ಯಾಯಾಮ ಇದೆ. ಅದಕ್ಕೆ ಒಂದು ರೂಪಾಯಿಯೂ ಬೇಡ. ಗಂಡಸರಿಗೆ ಮಂಚದ ಪಕ್ಕ ಒಂದು ಯೂರಿನ್ ಪಾಟ್ ಇಟ್ಟರೆ ಎಷ್ಟೋ ಡೈಪರ್ ಉಳಿಯುತ್ತವೆ. ಆದರೆ ಸೋರದಿರಲಿ ಎಂದು ಕುಡಿಯುವ ನೀರನ್ನು ಕಡಿಮೆ ಮಾಡಿಸುವ ಮನೆಗಳೂ ಇವೆ. ಹಾಗೆ ಮಾಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಸೋರುವುದು ಮಾತ್ರ ನಿಲ್ಲುವುದಿಲ್ಲ.

ಉಳಿದ ಗಂಟೆಗಳಿಗೆ ಬಟ್ಟೆ. ಮತ್ತೆ ಮತ್ತೆ ಬಳಸಲೆಂದೇ ಹೊಲಿದ ಬಟ್ಟೆಯ ಪ್ಯಾಡು, ತೊಳೆಯಬಹುದಾದ ಅಂಡರ್‌ಪ್ಯಾಡು, ಅದೂ ಇಲ್ಲದಿದ್ದರೆ ಹಳೆಯ ಪಂಚೆ ಅಥವಾ ಹತ್ತಿ ಸೀರೆಯ ನಾಲ್ಕು ಮಡಿಕೆ, ಅದರಡಿ ರಬ್ಬರ್ ಶೀಟು. ಮ್ಯಾಂಡಿ ಫೇಡರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಬಗೆಬಗೆಯ ಪ್ಯಾಡುಗಳನ್ನು ಬಳಕೆದಾರರ ಮೇಲೆಯೇ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: ಎಲ್ಲರಿಗೂ ಎಲ್ಲ ಹೊತ್ತಿಗೂ ಹೊಂದುವ ಒಂದೇ ಉತ್ಪನ್ನ ಇಲ್ಲ, ಹಗಲಿಗೊಂದು, ರಾತ್ರಿಗೊಂದು, ಹೊರಗೆ ಹೋಗುವಾಗ ಇನ್ನೊಂದು ಎಂದು ಬೆರೆಸಿ ಬಳಸಿದರೆ ಅನುಕೂಲವೂ ಹೆಚ್ಚು, ಖರ್ಚೂ ತಗ್ಗಬಹುದು. ಹಗಲೆಲ್ಲ ಬಟ್ಟೆ, ರಾತ್ರಿಗೆ ಮತ್ತು ಆಸ್ಪತ್ರೆಗೆ ಹೋಗುವ ದಿನಕ್ಕೆ ಡೈಪರ್ ಎಂದು ಹೊಂದಿಸಿಕೊಂಡರೆ ಅದೇ 4,800 ರೂಪಾಯಿ 1,200ಕ್ಕೋ 2,400ಕ್ಕೋ ಇಳಿಯುತ್ತದೆ.

ಬಟ್ಟೆಗೂ ಶರತ್ತುಗಳಿವೆ. ಮಲವನ್ನು ಮೊದಲು ಟಾಯ್ಲೆಟ್ಟಿಗೆ ಉದುರಿಸಿ, ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿನ ಪುಡಿ, ಬಿಸಿನೀರು. ಇದಕ್ಕೆ ಬೇರೆಯದೇ ಬಕೆಟ್, ಕೈಗೆ ಗ್ಲೌಸ್. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಲಾಂಡ್ರಿಯಲ್ಲಿ 71 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಿಮಿಷ ಅಥವಾ 65 ಡಿಗ್ರಿಯಲ್ಲಿ ಹತ್ತು ನಿಮಿಷ ಎಂಬ ಅಳತೆ ಇದೆ. ಹಂಡೆಯಲ್ಲಿ ಮರಳುವ ನೀರು ಅದಕ್ಕಿಂತ ಬಿಸಿ. ಹತ್ತಿ ಬಟ್ಟೆ ಅದನ್ನು ತಾಳುತ್ತದೆ, ರಬ್ಬರ್ ಶೀಟು ತಾಳುವುದಿಲ್ಲ. ಘಮಘಮ ಎನ್ನಿಸುವ ಫ್ಯಾಬ್ರಿಕ್ ಕಂಡೀಷನರ್ ಬೇಡ, ಅದು ಬಟ್ಟೆ ನೀರು ಹೀರುವುದನ್ನು ತಗ್ಗಿಸುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಅರೆ ಒದ್ದೆಯನ್ನು ತೊಡಿಸುವುದಕ್ಕಿಂತ ಆ ತಿಂಗಳುಗಳಲ್ಲಿ ಡೈಪರಿಗೆ ಹೆಚ್ಚು ದುಡ್ಡು ಎತ್ತಿಡುವುದು ವಾಸಿ. ಮೈಯನ್ನು ಬರಿಯ ನೀರಿನಿಂದ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ, ವ್ಯಾಸಲೀನನ್ನೋ ಝಿಂಕ್ ಆಕ್ಸೈಡ್ ಮುಲಾಮನ್ನೋ ತೆಳುವಾಗಿ ಸವರಿದರೆ ಸಾಕು. ಖಾರವಾದ ಆಂಟಿಸೆಪ್ಟಿಕ್ ನೀರಿನಲ್ಲಿ ಒರೆಸುವುದು ಮೊದಲೇ ನೊಂದ ಚರ್ಮವನ್ನು ಇನ್ನೂ ಸುಡುತ್ತದೆ.

ಬಟ್ಟೆಯನ್ನು ಹೊಗಳುವವರು ಒಗೆಯುವವರ ಹೆಸರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮಗ ಲೆಕ್ಕ ಬರೆಯುತ್ತಾನೆ, ಸೊಸೆ ಅಥವಾ ಮನೆಗೆಲಸದಾಕೆ ಒಗೆಯುತ್ತಾಳೆ. ದಿನಕ್ಕೆ ಎಂಟು ಬಟ್ಟೆಯ ಆ ದುಡಿಮೆಯನ್ನು ಬಿಟ್ಟಿ ಎಂದು ಹಿಡಿದ ಉಳಿತಾಯ ಪೊಳ್ಳು. ಬಟ್ಟೆಯನ್ನು ಆರಿಸಿದ ಮನೆಯಲ್ಲಿ ಗಂಡಸರ ಕೈಗೂ ಗ್ಲೌಸ್ ಏರಬೇಕು. ಕೆಲಸದಾಕೆಯಿಂದ ಒಗೆಸುವುದಾದರೆ ಮೊದಲೇ ಹೇಳಿ ಒಪ್ಪಿಸಿ, ಬೇರೆ ಸಂಬಳ ಕೊಡಬೇಕು.

ಎಸೆಯುವುದರಲ್ಲೂ ಇನ್ನೊಬ್ಬರ ಕೈ ಇದೆ. ಬೆಂಗಳೂರಿನಲ್ಲಿ ಹೈಕೋರ್ಟ್ 2015ರಲ್ಲಿ ಕಡ್ಡಾಯ ಮಾಡಿದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯಲ್ಲಿ ಡೈಪರ್ ಹೋಗಬೇಕಾದದ್ದು ಕೆಂಪು ಬುಟ್ಟಿಗೆ, ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ. ಹಸಿ ಕಸಕ್ಕೆ ತುರುಕಿದರೆ ಅದನ್ನು ಹೆಕ್ಕುವವರು ಪೌರಕಾರ್ಮಿಕರು. ಬಚ್ಚಲ ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆ ಮನೆಯವರ ಎದೆಗೇ ಬರುತ್ತದೆ. ಡೈಪರ್ ಸುತ್ತಿ ಎಸೆಯಲು ಪ್ಯಾಕೆಟ್ಟಿನ ಜತೆಗೇ ಚೀಲ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರಿಗೆ ಹೇಳಿದ್ದವು. ಪ್ಯಾಕೆಟ್ ಒಡೆದಾಗ ಆ ಚೀಲ ಇದೆಯೇ ಎಂದು ಕೊಂಡವರೇ ನೋಡಿಕೊಳ್ಳಬಹುದು.

ಇಷ್ಟೆಲ್ಲ ಹೊಂದಾಣಿಕೆಯ ನಂತರವೂ ಒಂಟಿಯಾಗಿರುವ ಮುದುಕಿಗೆ, ಕೂಲಿಯ ಮನೆಗೆ, ಡೈಪರಿನ ಖರ್ಚು ದೊಡ್ಡದೇ. ಸ್ಯಾನಿಟರಿ ನ್ಯಾಪ್‌ಕಿನ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲಿ ಪೂರ್ತಿ ರದ್ದಾಯಿತು. ಕ್ಲಿನಿಕಲ್ ಡೈಪರಿನ ಮೇಲಿನ ಶೇ. 12ರ ತೆರಿಗೆ ಶೇ. 5ಕ್ಕೆ ಇಳಿಯಲು 2025ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆ ಐದನ್ನೂ ಸೊನ್ನೆ ಮಾಡಬೇಕು. ಜಪಾನಿನ ಎಷ್ಟೋ ನಗರಸಭೆಗಳು ಹಾಸಿಗೆ ಹಿಡಿದ ವೃದ್ಧರ ಮನೆಗೆ ಡೈಪರ್ ಕೊಡುತ್ತವೆ ಅಥವಾ ಅದರ ಖರ್ಚಿನಲ್ಲಿ ಪಾಲು ಹೊರುತ್ತವೆ. ಇಲ್ಲಿ ಅಷ್ಟು ಆಗದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಂದು ರಬ್ಬರ್ ಶೀಟು, ನಾಲ್ಕು ತೊಳೆಯುವ ಪ್ಯಾಡು, ಒಂದು ಯೂರಿನ್ ಪಾಟ್ ಕೊಡುವುದು ಬಜೆಟ್ ಮುರಿಯುವ ಮಾತಲ್ಲ. ಹೊಲಿಯುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಗುಂಪುಗಳಿಗೇ ಕೊಡಬಹುದು. ಗೃಹ ಆರೋಗ್ಯ ಯೋಜನೆಯಡಿ ಬಿಪಿ, ಶುಗರ್ ನೋಡಲು ಮನೆಬಾಗಿಲಿಗೆ ಬರುವ ತಂಡ ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಮೂತ್ರ ತಡೆಯಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಆಗುವುದಿಲ್ಲ ಎಂದವರ ಬೆನ್ನಿನ ಬುಡವನ್ನು ನೋಡಬೇಕು, ಅಲ್ಲಿನ ಕೆಂಪು ಬೆರಳಿನಿಂದ ಒತ್ತಿದರೂ ಮಾಸದಿದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು.