ಹನ್ನೆರಡು ಹೆಸರಿನ ಪಟ್ಟಿ ಮತ್ತು ಜೇಜುರಿಯ ಅಮಾವಾಸ್ಯೆ

2024ರ ಏಪ್ರಿಲ್ 8, ಸೋಮವಾರ, ಅಮಾವಾಸ್ಯೆ. ಸೋಮವಾರವೂ ಅಮಾವಾಸ್ಯೆಯೂ ಕೂಡಿ ಬಂದರೆ ಪುಣೆ ಜಿಲ್ಲೆಯ ಜೇಜುರಿಯಲ್ಲಿ ಖಂಡೋಬನ ಪಲ್ಲಕ್ಕಿ ಗುಡ್ಡ ಇಳಿದು ಕರ್ಹಾ ನದಿಗೆ ಸ್ನಾನಕ್ಕೆ ಹೋಗುತ್ತದೆ. ದಾರಿಯುದ್ದಕ್ಕೂ ಭಂಡಾರ ಹಾರುತ್ತದೆ. ಕನ್ನಡಿಗರಿಗೆ ಈ ದೇವರು ಮೈಲಾರ. ಅಲ್ಲಿನ ‘ಯೇಳಕೋಟ’ ಇಲ್ಲಿನ ‘ಏಳುಕೋಟಿ’. ಅಂದು ಯಾವ ಮಾಸವೆಂದು ಕೇಳಿದರೆ ಮರಾಠಿ ಪಂಚಾಂಗವೂ ಕನ್ನಡ ಪಂಚಾಂಗವೂ ಕೊಡುವ ಉತ್ತರ ಒಂದೇ: ಫಾಲ್ಗುಣ. ಮರುದಿನವೇ ಯುಗಾದಿ.

ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಹಾಕಿದರೆ ಏನಾಗುತ್ತದೆ?

ತಿಂಗಳ ಸಂಖ್ಯೆ ಕೊಟ್ಟರೆ ಹೆಸರು ಹೇಳಿಸುವುದು ಪ್ರೋಗ್ರಾಮಿಂಗ್ ಕಲಿಯುವವರ ಮೊದಮೊದಲ ಪಾಠಗಳಲ್ಲೊಂದು. ಹನ್ನೆರಡು ಹೆಸರಿನ ಪಟ್ಟಿ, ಒಂದು ಸಂಖ್ಯೆ, ಅಲ್ಲಿಗೆ ಮುಗಿಯಿತು. ಎಚ್ಚರಿಕೆ ಹೇಳುವುದು ಎಣಿಕೆ ಎಲ್ಲಿಂದ ಶುರುವೆಂಬುದಕ್ಕೆ ಮಾತ್ರ: ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಎಂದರೆ 0, ಪೈಥಾನ್ ತನ್ನ ಹೆಸರುಪಟ್ಟಿಯಲ್ಲಿ 0ನೇ ಜಾಗವನ್ನು ಖಾಲಿ ಬಿಟ್ಟು ಜನವರಿಯನ್ನು 1ರಲ್ಲಿ ಇಡುತ್ತದೆ. ಈ ಪಾಠ ಇಂಗ್ಲಿಷಿಗೆ ಸಾಕು. ತೊಂದರೆ ಶುರುವಾಗುವುದು ಪಟ್ಟಿಯಲ್ಲಿನ ಇಂಗ್ಲಿಷ್ ಹೆಸರು ಅಳಿಸಿ ಕನ್ನಡದ್ದನ್ನು ತುಂಬಿ, ‘ಕನ್ನಡ ಆವೃತ್ತಿ ಸಿದ್ಧ’ ಎಂದು ಕೈತೊಳೆದುಕೊಂಡಾಗ.

ಮೊದಲ ಏಟು ಬೀಳುವುದು ವಿಭಕ್ತಿಗೆ. ಕೋಡಿನಲ್ಲಿ ಹೆಸರಿನ ಮುಂದೆ ‘ನಲ್ಲಿ’ ಎಂದು ಅಂಟಿಸಿಟ್ಟರೆ ‘ಡಿಸೆಂಬರ್‌ನಲ್ಲಿ’ ಪಾರಾಗುತ್ತದೆ. ಜನವರಿಗೆ ಬಂದಾಗ ‘ಜನವರಿನಲ್ಲಿ’ ಎಂಬ, ಯಾರ ಬಾಯಲ್ಲೂ ಇಲ್ಲದ ರೂಪ ಹುಟ್ಟುತ್ತದೆ. ಕನ್ನಡ ಬಲ್ಲ ಒಬ್ಬರನ್ನು ಕೇಳಿದ್ದರೆ ಪರಿಹಾರ ಸಿಗುತ್ತಿತ್ತು: ‘ಜನವರಿ ತಿಂಗಳಲ್ಲಿ’, ‘ಡಿಸೆಂಬರ್ ತಿಂಗಳಲ್ಲಿ’. ಪ್ರತ್ಯಯವನ್ನು ‘ತಿಂಗಳು’ ಹೊತ್ತುಕೊಂಡರೆ ಹನ್ನೆರಡೂ ಹೆಸರು ನೆಟ್ಟಗಿರುತ್ತವೆ.

ಎರಡನೆಯದು ಕತ್ತರಿ. ಇಂಗ್ಲಿಷಿನಲ್ಲಿ ಮೊದಲ ಮೂರಕ್ಷರ ಉಳಿಸಿದರೆ ಹ್ರಸ್ವರೂಪ ಸಿಕ್ಕಿತು. ಕನ್ನಡದಲ್ಲಿ ಗುಣಿತದ ಚಿಹ್ನೆಯನ್ನೂ ಕಂಪ್ಯೂಟರು ಒಂದು ಅಕ್ಷರವೆಂದೇ ಎಣಿಸುತ್ತದೆ. ಹಾಗೆ ಮೂರಕ್ಕೆ ಕತ್ತರಿಸಿದರೆ ‘ಜುಲೈ’ ಹೋಗಿ ‘ಜುಲ’ ಆಗುತ್ತದೆ, ‘ಮಾರ್ಚ್’ ಹೋಗಿ ‘ಮಾರ’ ಆಗುತ್ತದೆ. ಪೂರ್ಣ ಹೆಸರು, ಹ್ರಸ್ವ ಹೆಸರು ಎರಡನ್ನೂ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಸಂಚಯ ಕನ್ನಡಕ್ಕೂ ಕೊಟ್ಟಿದೆ. ಬ್ರೌಸರು, ಫೋನುಗಳೊಳಗೇ ಅದು ಕೂತಿದೆ, ಅದೂ ಉಚಿತವಾಗಿ. ಅದನ್ನು ಬಿಟ್ಟು ಕೈಯಾರೆ ಪಟ್ಟಿ ಬರೆಯುವುದಕ್ಕೆ ಸಮಯ ಸಾಲದು ಎಂಬ ನೆಪವೂ ಒಪ್ಪುವುದಿಲ್ಲ.

ಆದರೆ ಸಿದ್ಧ ವಸ್ತುವನ್ನು ಕಣ್ಣುಮುಚ್ಚಿ ಬಳಸಿದರೂ ಕೆಡುತ್ತದೆ. ಜೇಜುರಿಯ ಆ ಸೋಮವಾರಕ್ಕೆ ಮರಳಿ. ‘ಇಂಗ್ಲಿಷ್ ತಿಂಗಳು ಬೇಡ, ದೇಸೀ ಹೆಸರೇ ಇರಲಿ’ ಎಂದು ತಂತ್ರಾಂಶದಲ್ಲಿರುವ ಭಾರತೀಯ ಕ್ಯಾಲೆಂಡರನ್ನು ಆರಿಸಿದರೆ ಅಂದಿನ ದಿನಕ್ಕೆ ಬರುವ ಉತ್ತರ ‘ಚೈತ್ರ 19’. ಯುಗಾದಿಗೆ ಮುನ್ನವೇ ಚೈತ್ರ ಹತ್ತೊಂಬತ್ತು! ಕಾರಣ, ಅದು 1957ರ ಮಾರ್ಚ್ 22ರಂದು ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ, ಸೂರ್ಯನ ಲೆಕ್ಕದ್ದು. ಅದರ ಚೈತ್ರಕ್ಕೂ ಯುಗಾದಿಯ ಚೈತ್ರಕ್ಕೂ ಹೆಸರಷ್ಟೇ ಒಂದು.

ಚಂದ್ರನ ಲೆಕ್ಕಕ್ಕೇ ಬಂದರೂ ಬಿಕ್ಕಟ್ಟು ತೀರದು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ. ಉತ್ತರ ಭಾರತದ ಬಹುಭಾಗದಲ್ಲಿ ಹುಣ್ಣಿಮೆಗೆ. ಹಾಗಾಗಿ ಅದೇ ಅಮಾವಾಸ್ಯೆ ಜೇಜುರಿಯಲ್ಲಿ ಫಾಲ್ಗುಣದ್ದು, ಕಾಶಿಯಲ್ಲಿ ಚೈತ್ರದ್ದು. ಸಾಲದ್ದಕ್ಕೆ 2023ರಲ್ಲಿ ಶ್ರಾವಣ ಎರಡು ಬಾರಿ ಬಂತು, ಅಧಿಕ ಮತ್ತು ನಿಜ. ಹನ್ನೆರಡು ಮನೆಯ ಪಟ್ಟಿಯಲ್ಲಿ ಹದಿಮೂರನೆಯ ಮಾಸ ಎಲ್ಲಿ ಕೂರಬೇಕು?

‘ವ್ಯವಹಾರಕ್ಕೆ ಜನವರಿ, ಫೆಬ್ರವರಿ ಸಾಲದೇ?’ ಎಂದು ಕೇಳುವವರಿದ್ದಾರೆ. ಬ್ಯಾಂಕಿಗೆ, ರೈಲಿಗೆ ಸಾಕು. ಜೇಜುರಿಗೆ ಸಾಲದು. ಅಲ್ಲಿನ ಚಂಪಾಷಷ್ಠಿ ಮಾರ್ಗಶಿರ ಶುದ್ಧ ಷಷ್ಠಿ. 2024ರಲ್ಲಿ ಅದು ಡಿಸೆಂಬರ್ 7ಕ್ಕೆ ಬಿತ್ತು, 2025ರಲ್ಲಿ ನವೆಂಬರ್ 26ಕ್ಕೆ. ‘12 ಎಂದರೆ ಮಾರ್ಗಶಿರ’ ಎಂದು ಪಟ್ಟಿ ಮಾಡಿಟ್ಟವನ ಮಾತು ನಂಬಿ ಹೊರಟವರು ಜೇಜುರಿ ತಲುಪುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ರಜೆ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು, ರಾತ್ರಿ ಬಸ್ಸು ಹತ್ತಿ ಬಂದ ಕುಟುಂಬಕ್ಕೆ ಇದು ಕೋಡಿನ ಸಣ್ಣ ದೋಷವಲ್ಲ.

ಸಂಖ್ಯೆಗೆ ತಾನಾಗಿ ಹೆಸರಿಲ್ಲ. ಯಾವ ಭಾಷೆ, ಯಾವ ಪಂಚಾಂಗ, ಯಾವ ಊರಿನ ರೂಢಿ ಎಂದು ಯಾರೋ ತೀರ್ಮಾನಿಸಿದ ಮೇಲೆಯೇ ಹೆಸರು ಬರುವುದು. ಪಟ್ಟಿ ಬರೆಯುವವರು ಆ ತೀರ್ಮಾನವನ್ನು ಮಾಡಿಯೇ ಮಾಡುತ್ತಾರೆ, ಗೊತ್ತಿಲ್ಲದೆ. ಗೊತ್ತಿದ್ದು ಮಾಡಲಿ. ಮಾಡುವ ಮೊದಲು ಭಾಷೆ ಬಲ್ಲವರನ್ನೂ ಪಂಚಾಂಗ ಬಲ್ಲವರನ್ನೂ ಒಂದು ಮಾತು ಕೇಳಲಿ. ಪಲ್ಲಕ್ಕಿ ಯಾವ ಸೋಮವಾರ ಇಳಿಯುತ್ತದೆಂದು ಪಂಚಾಂಗ ನೋಡುವವರಿಗೆ ಇಂದಿಗೂ ಗೊಂದಲವಿಲ್ಲ. ಗೊಂದಲವಿರುವುದು ಅವರನ್ನು ಕೇಳದೆ ಬರೆದ ಕೋಡಿನಲ್ಲಿ.