ಅಗೆದ ಚರಿತ್ರೆ ಬೀರುವಿನಲ್ಲೇಕೆ?

ನಾನು ಚಿತ್ರದುರ್ಗ ಜಿಲ್ಲೆಯವಳು, ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಹೈಸ್ಕೂಲು ಪಾಠದಿಂದ ಹಿಡಿದು ಕೆಎಎಸ್, ನೆಟ್ ಪರೀಕ್ಷೆಗಳವರೆಗೂ ಬರುತ್ತದೆ. ಅಶೋಕನ ಶಾಸನ, ಬೃಹತ್ ಶಿಲಾ ಸಮಾಧಿಗಳು, ಮಾರ್ಟಿಮರ್ ವ್ಹೀಲರ್ ಎಂದು ಮೂರು ಸಾಲು ಬಾಯಿಪಾಠ ಮಾಡಿ ಅಂಕ ಗಿಟ್ಟಿಸುತ್ತೇವೆ. ಆದರೆ ಎಷ್ಟು ಆಳದಲ್ಲಿ ಏನು ಸಿಕ್ಕಿತು, ಅದರ ಕಾಲವನ್ನು ಹೇಗೆ ನಿರ್ಧರಿಸಿದರು ಎಂದು ಹೇಳುವ ಮೂಲ ವರದಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಕೆಮಿಸ್ಟ್ರಿ ಲ್ಯಾಬಿನ ಪ್ರಯೋಗದಲ್ಲಿ ಅನುಮಾನ ಬಂದರೆ ಇನ್ನೊಮ್ಮೆ ಮಾಡಿ ನೋಡಬಹುದು. ಉತ್ಖನನದಲ್ಲಿ ಆ ಅವಕಾಶವಿಲ್ಲ. ಒಮ್ಮೆ ಅಗೆದ ಮಣ್ಣಿನ ಪದರವನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಲಾಗದು. ಆಮೇಲೆ ಉಳಿಯುವುದು ಸಿಕ್ಕ ವಸ್ತುಗಳು ಮತ್ತು ಅಗೆದವರು ಬರೆದಿಟ್ಟ ದಾಖಲೆ, ನಕ್ಷೆ, ಫೋಟೊಗಳು ಮಾತ್ರ. ಆ ವರದಿ ಹೊರಬರದಿದ್ದರೆ ಅಗೆದದ್ದು ಹಾಳು ಮಾಡಿದಂತೆಯೇ ಸರಿ.

ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದದ್ದು 1947ರಲ್ಲಿ. ಅದರ ವರದಿ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 1947-48ರ ಸಂಚಿಕೆಯಲ್ಲೇ ಬಂತು. ಅಲ್ಲಿನ ಕಲ್ಲುಕೊಡಲಿ ಸಂಸ್ಕೃತಿಗೆ ಅವರು ಕೊಟ್ಟ ಕಾಲ ಇಂದು ನಿಲ್ಲುವುದಿಲ್ಲ. ದಕ್ಷಿಣದ ನವಶಿಲಾಯುಗ ಅದಕ್ಕಿಂತ ಬಹಳ ಹಿಂದಿನದೆಂದು ರೇಡಿಯೊ ಕಾರ್ಬನ್ ಪರೀಕ್ಷೆಗಳು ತೋರಿಸಿದವು. ಅವರ ಲೆಕ್ಕವನ್ನು ತಿದ್ದಲು ಮುಂದಿನವರಿಗೆ ಸಾಧ್ಯವಾದದ್ದು, ಪದರಗಳ ವಿವರವೆಲ್ಲ ಅಚ್ಚಿನಲ್ಲಿ ಇದ್ದುದರಿಂದ. ಪ್ರಕಟವಾದ ತಪ್ಪನ್ನು ಯಾರಾದರೂ ತಿದ್ದಬಹುದು. ಬೀರುವಿನಲ್ಲಿಟ್ಟ ಸತ್ಯದಿಂದ ಯಾರಿಗೂ ಉಪಯೋಗವಿಲ್ಲ.

ಈಗಿನ ಕತೆ ಬೇರೆ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ‘ರಾಯೋ ಅಶೋಕೋ’ ಎಂಬ ಬರಹವಿರುವ ಅಶೋಕನ ಶಿಲ್ಪ ಸಿಕ್ಕಿತು. ಅಲ್ಲಿ ಉತ್ಖನನ ಆರಂಭವಾದದ್ದು 1990ರ ದಶಕದಲ್ಲಿ, ಪೂರ್ಣ ವರದಿ ಹೊರಬಂದದ್ದು 2010ರ ನಂತರ. ತಮಿಳುನಾಡಿನ ಕೀಳಡಿಯಲ್ಲಿ ಕೇಂದ್ರ ಪುರಾತತ್ವ ಇಲಾಖೆ 2014ರಲ್ಲಿ ಕೆಲಸ ಶುರು ಮಾಡಿತು. ಮೊದಲ ಎರಡು ಹಂತಗಳ ವರದಿ ಸಲ್ಲಿಕೆಯಾದದ್ದು 2023ರ ಜನವರಿಯಲ್ಲಿ. 2025ರ ಮೇ ತಿಂಗಳಲ್ಲಿ ತಿದ್ದುಪಡಿ ಕೇಳಿ ಅದನ್ನು ವಾಪಸು ಕಳಿಸಲಾಯಿತು. ವರದಿ ಎಲ್ಲರ ಕೈಗೆ ಸಿಕ್ಕಿದ್ದರೆ ಓದಿದವರು ಆಧಾರದ ಮೇಲೆ ವಾದಿಸಬಹುದಿತ್ತು. ಸಿಗದಿದ್ದಾಗ ಚರ್ಚೆ ರಾಜಕೀಯ ಜಗಳವಾಗುತ್ತದೆ.

ವಿವರ ಆನ್‌ಲೈನ್‌ನಲ್ಲಿ ಹಾಕಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆತಂಕವಿದೆ. ಕಾವಲಿಲ್ಲದ ನೆಲೆಗಳ ನಿಖರ ಜಾಗವನ್ನಷ್ಟೇ ಮರೆಮಾಡಿದರೆ ಸಾಕು. ನಮ್ಮ ಕಡೆ ಗುಡಿ, ಗೋರಿ ಅಗೆಯುವವರು ವರದಿ ಓದಿಕೊಂಡು ಬಂದವರೇನಲ್ಲ. ಬಿಸಿಲಿನಲ್ಲಿ ದುಡಿದ ಸಂಶೋಧಕರಿಗೆ ಮೊದಲು ಬರೆಯುವ ಹಕ್ಕು ಬೇಡವೇ ಎಂದೂ ಕೇಳುತ್ತಾರೆ. ಖಂಡಿತ ಬೇಕು, ಆದರೆ ಅದಕ್ಕೊಂದು ಗಡುವಿರಲಿ. ಸಾರ್ವಜನಿಕರ ಹಣದಲ್ಲಿ ಅಗೆದದ್ದು ಯಾರ ಸ್ವಂತ ಆಸ್ತಿಯೂ ಅಲ್ಲ.

ಇದು ಆಗದ ಕೆಲಸವೂ ಅಲ್ಲ. 1953-54ರಿಂದ ಆರಂಭವಾದ ‘ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ’ ವಾರ್ಷಿಕ ಸಂಪುಟಗಳು ಈಗಾಗಲೇ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅಲ್ಲಿ ಒಂದು ನೆಲೆಗೆ ಸಿಗುವುದು ಹೆಚ್ಚೆಂದರೆ ಕೆಲವು ಪುಟ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿರುವ ‘ಆರ್ಕಿಯಾಲಜಿ ಡೇಟಾ ಸರ್ವಿಸ್’ 1996ರಿಂದ ಉತ್ಖನನದ ವರದಿ, ದತ್ತಾಂಶಗಳನ್ನು ಕಾಪಿಟ್ಟು ಎಲ್ಲರಿಗೂ ತೆರೆದಿಟ್ಟಿದೆ.

ನನ್ನ ಬೇಡಿಕೆ ಮೂರೇ. ಉತ್ಖನನಕ್ಕೆ ಅನುಮತಿ ಕೊಡುವಾಗಲೇ ವರದಿಗೆ ಗಡುವು ಹಾಕಲಿ. ನಕ್ಷೆ, ವಸ್ತುಗಳ ಪಟ್ಟಿ, ಫೋಟೊ ಸಮೇತ ಪೂರ್ತಿ ವರದಿ ಆನ್‌ಲೈನ್‌ಗೆ ಬರಲಿ. ಅದರ ಜೊತೆ ಕನ್ನಡದಲ್ಲೊಂದು ಸಾರಾಂಶವಿರಲಿ. ಕೂಲಿಗೆ ಬಂದು ಮಣ್ಣು ಹೊತ್ತ ಊರಿನವರಿಗೆ ತಮ್ಮ ಹೊಲದಡಿ ಏನಿತ್ತೆಂದು ತಿಳಿಯುವ ಹಕ್ಕಿಲ್ಲವೇ? ಸ್ಕ್ಯಾನಿಂಗ್, ಪಟ್ಟಿ ತಯಾರಿ, ಅನುವಾದದ ಕೆಲಸಕ್ಕೆ ಪದವಿ ಮುಗಿಸಿ ಕೂತಿರುವ ನಮ್ಮಂಥವರನ್ನು ಹಚ್ಚಿದರೆ ನಾಲ್ಕು ಜನಕ್ಕೆ ಉದ್ಯೋಗವೂ ಸಿಕ್ಕೀತು.

ಗೆಳೆಯರೇ, ನಿಮ್ಮ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಉತ್ಖನನವಾಗಿದೆ, ವರದಿ ಎಲ್ಲಿದೆ ಎಂದು ಸಂಬಂಧಪಟ್ಟ ಇಲಾಖೆಗೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿ ಶುಲ್ಕ ಬರೀ ಹತ್ತು ರೂಪಾಯಿ.